ನರ್ಸ್ ಪ್ರಾಕ್ಟೀಷನರ್ ಆಗಲು ಕೋರ್ಸ್ ಒಂದೇ ಸಾಕಾ? ಗೊತ್ತಿರುವವರು ಹೇಳಿ

ವಾರ್ಡ್_ಸಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಬಿಎಸ್ಸಿ ನರ್ಸಿಂಗ್ ಆದಾಗಿನಿಂದ ಇದೇ ಕೆಲಸ. ಮುಂದೆ ನರ್ಸ್ ಪ್ರಾಕ್ಟೀಷನರ್ ಆಗಬೇಕೆಂಬ ಆಸೆ ಗಟ್ಟಿಯಾಗಿದೆ. ಅದಕ್ಕಾಗಿ ಬೇರೆ ದೇಶಕ್ಕೆ ಹೋಗಲೂ ತಯಾರಿದ್ದೇನೆ.

ಆದರೆ ವಿಚಾರಿಸಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ. ಒಬ್ಬರು "ಅವರು ಡಾಕ್ಟರ್ ಥರಾನೇ ರೋಗಿಯನ್ನು ನೋಡಿ ಔಷಧ ಬರೀತಾರೆ" ಅಂತಾರೆ. ಇನ್ನೊಬ್ಬರು "ಹೆಸರು ದೊಡ್ಡದು, ಕೆಲಸ ಅದೇ" ಅಂತಾರೆ. ಕೆಲವು ಕಾಲೇಜುಗಳು ವಾರ್ಡಿನಲ್ಲಿ ಕೆಲಸವನ್ನೇ ಮಾಡದವರನ್ನೂ ಸೇರಿಸಿಕೊಳ್ಳುತ್ತವೆ. ಹಾಗಾದರೆ ನನ್ನ ಅನುಭವಕ್ಕೆ ಅಲ್ಲಿ ಬೆಲೆ ಇದೆಯಾ? ಕೋರ್ಸ್ ಮುಗಿಸಿ ಒಬ್ಬಳೇ ಕೂತು ರೋಗಿಯನ್ನು ನೋಡುವಷ್ಟು ಕೈ ಪಳಗಿರುತ್ತದಾ? ಈ ಕೆಲಸದಲ್ಲಿ ಇರುವವರು, ಕಲಿಸುವವರು, ಡಾಕ್ಟರುಗಳು, ಯಾರಾದರೂ ಸರಿ, ದಯವಿಟ್ಟು ಬಿಡಿಸಿ ಹೇಳಿ.

ಕ್ಲಿನಿಕ್_ಎನ್‌ಪಿ

ಸಿಸ್ಟರ್, ನಾನು ಅಮೆರಿಕದಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್. ಮೊದಲು ನಿಮ್ಮ ಹಾಗೆಯೇ ವಾರ್ಡಿನಲ್ಲಿದ್ದವಳು.

"ಕೆಲಸ ಅದೇ" ಅನ್ನೋದು ಖಂಡಿತ ತಪ್ಪು. ರೋಗಿ ಬಂದು ಕೂತಾಗ ಮೊದಲಿನಿಂದ ಕಥೆ ಕೇಳುವುದು ನಾನು. ಪರೀಕ್ಷೆ ಮಾಡುವುದು ನಾನು. ಯಾವ ರಕ್ತ ಪರೀಕ್ಷೆ ಬೇಕು, ಎಕ್ಸ್‌ರೇ ಬೇಕಾ ಬೇಡವಾ ಅಂತ ತೀರ್ಮಾನಿಸುವುದೂ ನಾನೇ. ರೋಗ ಇಂಥದ್ದು ಎಂದು ಬರೆದು ಸಹಿ ಹಾಕುತ್ತೇನೆ. ಔಷಧ ಬರೆಯುತ್ತೇನೆ. ಬೇಕಾದಾಗ ಸ್ಪೆಷಲಿಸ್ಟ್ ಹತ್ತಿರ ಕಳಿಸುತ್ತೇನೆ. ಬಿಪಿ, ಶುಗರ್, ಥೈರಾಯ್ಡ್, ಆಸ್ತಮಾ ಇರುವವರನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತೇನೆ.

ವಾರ್ಡಿನಲ್ಲಿ ರೋಗಿಗೆ ಏದುಸಿರು ಬಂದರೆ ನೀವು ಏನು ಮಾಡುತ್ತೀರಿ? ತಲೆಯ ಕಡೆ ಎತ್ತರಿಸಿ ಕೂರಿಸುತ್ತೀರಿ. ಆಕ್ಸಿಜನ್ ಮಟ್ಟ ನೋಡುತ್ತೀರಿ. ವೈಟಲ್ಸ್ ಬರೆದು ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತೀರಿ. ಏನೋ ಸರಿಯಿಲ್ಲ ಅಂತ ಎಲ್ಲರಿಗಿಂತ ಮೊದಲು ನಿಮಗೆ ಗೊತ್ತಾಗಿರುತ್ತದೆ. ಆದರೆ ಫೋನ್ ಇಟ್ಟ ಮೇಲಿನ ಪ್ರಶ್ನೆ ನಿಮ್ಮದಲ್ಲ. ಇದು ಹಾರ್ಟ್ ಫೇಲ್ಯೂರಾ? ನ್ಯುಮೋನಿಯಾನಾ? ಕಾಲಿನಲ್ಲಿ ಕಟ್ಟಿದ ರಕ್ತದ ಗೆಡ್ಡೆ ಶ್ವಾಸಕೋಶಕ್ಕೆ ಹೋಗಿದೆಯಾ? ರಕ್ತಹೀನತೆಯಾ? ಇವುಗಳಲ್ಲಿ ಯಾವುದನ್ನು ಈಗಲೇ ತಳ್ಳಿಹಾಕಬೇಕು, ಯಾವುದು ಸ್ವಲ್ಪ ಕಾಯಬಹುದು? ನರ್ಸ್ ಪ್ರಾಕ್ಟೀಷನರ್ ಆದರೆ ಆ ಪ್ರಶ್ನೆ ನಿಮ್ಮದಾಗುತ್ತದೆ. ಉತ್ತರದ ಹೊಣೆಯೂ ನಿಮ್ಮದೇ.

ಇದು ವಾರ್ಡಿನ ಅನುಭವ ಜಾಸ್ತಿ ಆದಂತೆ ತಾನಾಗಿ ಬರುವುದಿಲ್ಲ. ಬೇರೆಯಾಗಿಯೇ ಕಲಿಯಬೇಕು.

ಓಪಿಡಿ_ಡಾಕ್ಟರ್

ಮೇಡಂ ಹೇಳಿದ ಕೊನೆಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ನನಗೆ ಆತಂಕ. ನಾನು ಜನರಲ್ ಮೆಡಿಸಿನ್ ಡಾಕ್ಟರ್. ನರ್ಸುಗಳ ಮೇಲೆ ನನಗೆ ಗೌರವ ಇದೆ, ಅವರಿಲ್ಲದೆ ನನ್ನ ವಾರ್ಡ್ ನಡೆಯುವುದಿಲ್ಲ. ಆದರೆ ಲೆಕ್ಕ ನೋಡಿ. ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ಕೋರ್ಸಿಗೆ ಬೇಕಾದ ಕನಿಷ್ಠ ಕ್ಲಿನಿಕಲ್ ತರಬೇತಿ ಬಹಳ ಕಾಲ 500 ಗಂಟೆ ಇತ್ತು. 2022ರ ಹೊಸ ಮಾನದಂಡದಲ್ಲಿ ಅದು 750 ಆಯಿತು. ಅಲ್ಲಿ ಫ್ಯಾಮಿಲಿ ಡಾಕ್ಟರ್ ಆಗುವವರು ಮೆಡಿಕಲ್ ಕಾಲೇಜು, ಆಮೇಲೆ ಮೂರು ವರ್ಷದ ರೆಸಿಡೆನ್ಸಿ (ಹಿರಿಯರ ಕೆಳಗೆ ಕೆಲಸ ಮಾಡುತ್ತಾ ಪಡೆಯುವ ತರಬೇತಿ) ಮುಗಿಸುವ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಗಂಟೆ ರೋಗಿಗಳ ಜೊತೆ ಕಳೆದಿರುತ್ತಾರೆ.

ಮಾಮೂಲಿ ಶೀತ, ಜ್ವರದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ನೂರು ತಲೆನೋವಿನ ರೋಗಿಗಳಲ್ಲಿ ಬಹುಪಾಲು ಜನರಿಗೆ ಗಾಬರಿಪಡುವಂಥದ್ದು ಏನೂ ಇರುವುದಿಲ್ಲ. ಆದರೆ 50 ದಾಟಿದವರಿಗೆ ಹೊಸದಾಗಿ ತಲೆನೋವು ಶುರುವಾಗಿ, ಅಗಿಯುವಾಗ ದವಡೆ ನೋಯುತ್ತದೆ ಎಂದರೆ ಅದು ರಕ್ತನಾಳದ ಉರಿಯೂತ ಇರಬಹುದು. ಸ್ಟೀರಾಯ್ಡ್ ತಡ ಮಾಡಿದರೆ ಕಣ್ಣು ಹೋಗಬಹುದು. ದವಡೆ ನೋವಿದೆಯಾ ಅಂತ ಕೇಳಬೇಕೆಂದು ಹೊಳೆಯಬೇಕಲ್ಲ? ಅದಕ್ಕೆ ಅಂಥ ಕೇಸ್ ಕಂಡಿರಬೇಕು, ಇಲ್ಲವೇ ಕಂಡವರು ಪಕ್ಕದಲ್ಲಿ ನಿಂತು ಹೇಳಿಕೊಟ್ಟಿರಬೇಕು.

ನರ್ಸಿಂಗ್_ಬೋಧಕಿ

ಡಾಕ್ಟ್ರೇ, ನಿಮ್ಮ ಆತಂಕ ನ್ಯಾಯವಾದದ್ದು. ಗಂಟೆಯ ಲೆಕ್ಕವೂ ಸರಿ. ಆದರೆ ಅದು ಅರ್ಧ ಚಿತ್ರ. ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಈ ಹುದ್ದೆ ಶುರುವಾದದ್ದು 1965ರಲ್ಲಿ, ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟ್ಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್, ಇಬ್ಬರೂ ಸೇರಿ ಶುರು ಮಾಡಿದರು. ಫೋರ್ಡ್ ಸಾರ್ವಜನಿಕ ಆರೋಗ್ಯ ನರ್ಸ್ ಆಗಿ ಹಳ್ಳಿಗಾಡಿನಲ್ಲಿ ದುಡಿದವರು. ಡಾಕ್ಟರೇ ಸಿಗದ ಕಡೆ ಮಕ್ಕಳ ಆರೋಗ್ಯ ನೋಡಿಕೊಳ್ಳುತ್ತಿದ್ದದ್ದು ನರ್ಸುಗಳೇ. ಆ ಕೆಲಸಕ್ಕೆ ಸರಿಯಾದ ತರಬೇತಿ, ಸರಿಯಾದ ಅಧಿಕಾರ ಎರಡೂ ಬೇಕು ಅನ್ನುವುದು ಅವರ ವಾದ. ಇದನ್ನು ಕಟ್ಟಿದ್ದು ನರ್ಸ್ ಮತ್ತು ಡಾಕ್ಟರ್ ಕೂಡಿ ಎನ್ನುವುದನ್ನು ಇಬ್ಬರೂ ಮರೆಯಬಾರದು. ಫೋರ್ಡ್ 2025ರ ಜನವರಿಯಲ್ಲಿ ತೀರಿಕೊಂಡರು, 104 ವರ್ಷ ಬದುಕಿದ್ದರು.

ಈಗ ಓದಿನ ವಿಷಯ. ಮೊದಲು ನರ್ಸಿಂಗ್ ಪದವಿ, ನೋಂದಣಿ. ಆಮೇಲೆ ಮಾಸ್ಟರ್ಸ್ ಅಥವಾ ಡಾಕ್ಟರೇಟ್ ಮಟ್ಟದ ಕೋರ್ಸ್. ಅದರ ಬುನಾದಿ ಮೂರು ವಿಷಯಗಳು. ರೋಗ ದೇಹದಲ್ಲಿ ಹೇಗೆ ಬೆಳೆಯುತ್ತದೆ, ದೇಹವನ್ನು ಹೇಗೆ ಪರೀಕ್ಷಿಸಬೇಕು, ಔಷಧ ಹೇಗೆ ಕೆಲಸ ಮಾಡುತ್ತದೆ. ಮೂರೂ ಬಿಎಸ್ಸಿಯಲ್ಲಿ ಓದಿದ್ದಕ್ಕಿಂತ ಬಹಳ ಆಳವಾಗಿ ಇರುತ್ತವೆ. ಉದಾಹರಣೆಗೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್. ವಾರ್ಡಿನಲ್ಲಿ ನಾವು ಅದನ್ನು ಊಟದ ಜೊತೆ ಕೊಡುತ್ತೇವೆ, ಹೊಟ್ಟೆ ಕೆಟ್ಟರೆ ತಿಳಿಸುತ್ತೇವೆ. ಬರೆಯುವವರಿಗೆ ಇಷ್ಟು ಸಾಲದು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ನೋಡಬೇಕು. ಕಿಡ್ನಿಯ ಸೋಸುವ ಶಕ್ತಿಯನ್ನು ತೋರಿಸುವ ಇಜಿಎಫ್ಆರ್ 30ಕ್ಕಿಂತ ಕೆಳಗಿದ್ದರೆ ಅದನ್ನು ಕೊಡುವಂತಿಲ್ಲ. ಬಿಪಿಗೆ ಎಸಿಇ ಇನ್‌ಹಿಬಿಟರ್ ಎಂಬ ಗುಂಪಿನ ಔಷಧ ಬರೆಯುವ ಮುಂಚೆ, ರೋಗಿ ಹೆಣ್ಣಾಗಿದ್ದರೆ ಗರ್ಭಿಣಿಯಾ ಎಂದು ಕೇಳಲೇಬೇಕು. ಬರೆದ ಮೇಲೆ ಒಣ ಕೆಮ್ಮು ಶುರುವಾದರೆ ಕೆಮ್ಮಿನ ಸಿರಪ್ ಬರೆಯುತ್ತಾ ಕೂರದೆ ಔಷಧವನ್ನೇ ಅನುಮಾನಿಸಬೇಕು.

ಆಮೇಲೆ ಯಾವ ರೋಗಿಗಳಿಗೆ ಎಂದು ಮೊದಲೇ ಆರಿಸಿಕೊಳ್ಳಬೇಕು. ಫ್ಯಾಮಿಲಿ, ವಯಸ್ಕರು ಮತ್ತು ಹಿರಿಯರು, ಮಕ್ಕಳು, ನವಜಾತ ಶಿಶು, ಮಹಿಳೆಯರ ಆರೋಗ್ಯ, ಮಾನಸಿಕ ಆರೋಗ್ಯ, ಹೀಗೆ. ವಯಸ್ಕರು ಮತ್ತು ಮಕ್ಕಳ ವಿಭಾಗದಲ್ಲಿ ಮತ್ತೆ ಎರಡು ದಾರಿ ಇದೆ. ಕ್ಲಿನಿಕ್ಕಿನ ಪ್ರಾಥಮಿಕ ಚಿಕಿತ್ಸೆ ಒಂದು, ಆಸ್ಪತ್ರೆಯ ತೀವ್ರ ಚಿಕಿತ್ಸೆ ಇನ್ನೊಂದು. ವಾರ್ಡ್ ಸಿಸ್ಟರ್, ಇದನ್ನು ಗಮನಿಸಿ. ಫ್ಯಾಮಿಲಿ ಓದಿದವರನ್ನು ತಂದು ಐಸಿಯುನಲ್ಲಿ ನಿಲ್ಲಿಸುವುದು ಸರಿಯಲ್ಲ. ಎಷ್ಟೋ ಜನ ಸುಲಭವಾಗಿ ಕೆಲಸ ಸಿಗುತ್ತದೆ ಅಂತ ಫ್ಯಾಮಿಲಿ ಓದಿ, ಆಮೇಲೆ ಆಸ್ಪತ್ರೆಯೊಳಗೆ ಕೆಲಸ ಹುಡುಕುತ್ತಾರೆ. ಅದು ಅವರಿಗೂ ಕಷ್ಟ, ರೋಗಿಗೂ ಕಷ್ಟ.

ಸುಮ್ನೆ_ಓದುಗ

ಒಂದು ಸಣ್ಣ ಪ್ರಶ್ನೆ. ಫಿಸಿಷಿಯನ್ ಅಸಿಸ್ಟೆಂಟ್ ಅಂದರೂ ಇದೇನಾ?

ನರ್ಸಿಂಗ್_ಬೋಧಕಿ

ಅಲ್ಲ. ಅದೂ 1965ರಲ್ಲೇ ಶುರುವಾಯಿತು, ಆದರೆ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ಅವರ ಓದು ಡಾಕ್ಟರ್ ಓದಿನ ಮಾದರಿಯಲ್ಲಿ ಇರುತ್ತದೆ, ಮೊದಲು ನರ್ಸ್ ಆಗಿರಬೇಕಿಲ್ಲ. ನರ್ಸ್ ಪ್ರಾಕ್ಟೀಷನರ್ ನರ್ಸಿಂಗ್ ನೋಂದಣಿಯ ಮೇಲೆ ನಿಂತ ಹುದ್ದೆ.

ಹಿರಿಮಗ

ನಾನು ಆಸ್ಪತ್ರೆಯವನಲ್ಲ. ವಿದೇಶದಲ್ಲಿದ್ದಾಗ ಅಮ್ಮನ ಶುಗರ್ ನೋಡುತ್ತಿದ್ದದ್ದು ಒಬ್ಬರು ನರ್ಸ್ ಪ್ರಾಕ್ಟೀಷನರ್. ಅಮ್ಮನ ಸಾಕ್ಸ್ ಬಿಚ್ಚಿಸಿ ಪಾದ ಮುಟ್ಟಿ ನೋಡುತ್ತಿದ್ದರು. ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಅಮ್ಮನ ಕೈಯಲ್ಲೇ ಮಾಡಿಸಿ ನೋಡುತ್ತಿದ್ದರು. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಅಲ್ಲಿ ಗಂಟು ಕಟ್ಟಿದ್ದನ್ನು ಕಂಡುಹಿಡಿದದ್ದು ಅವರೇ. ಗಂಟಿನ ಮೇಲೆ ಚುಚ್ಚಿದರೆ ಇನ್ಸುಲಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲವಂತೆ. ಡೋಸ್ ಏರಿಸದೆ ಜಾಗ ಬದಲಾಯಿಸಿದರು, ಶುಗರ್ ಹತೋಟಿಗೆ ಬಂತು. ನನಗೆ ಅವರ ಮೇಲೆ ತುಂಬಾ ನಂಬಿಕೆ. ಆದರೆ ಅವರು ಡಾಕ್ಟರ್ ಅಲ್ಲ ಅಂತ ನನಗೆ ತಿಳಿದದ್ದು ಬಹಳ ತಡವಾಗಿ. ಅದನ್ನು ಮೊದಲೇ ಹೇಳಬೇಕಿತ್ತು ಅನ್ನಿಸುತ್ತದೆ.

ಕ್ಲಿನಿಕ್_ಎನ್‌ಪಿ

ಹೌದು, ಮೊದಲೇ ಹೇಳಬೇಕು. "ನಾನು ನರ್ಸ್ ಪ್ರಾಕ್ಟೀಷನರ್" ಅಂತಲೇ ನಾನು ಮಾತು ಶುರು ಮಾಡುತ್ತೇನೆ. ಡಾಕ್ಟರೇಟ್ ಮುಗಿಸಿದ ಸಹೋದ್ಯೋಗಿಗಳೂ ರೋಗಿಯ ಮುಂದೆ ಇದನ್ನೇ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎದುರಿಗೆ ಇರುವುದು ಯಾರು ಅಂತ ತಿಳಿಯುವ ಹಕ್ಕು ರೋಗಿಗೆ ಇದೆ.

ಅಂದಹಾಗೆ, ಇನ್ಸುಲಿನ್ ಗಂಟು ಕಂಡುಹಿಡಿದರಲ್ಲ, ಅದು ಅಪ್ಪಟ ನರ್ಸ್ ಕಣ್ಣು. ವಾರ್ಡ್ ಸಿಸ್ಟರ್ ಕೇಳಿದ್ದರಲ್ಲ, ಅನುಭವಕ್ಕೆ ಬೆಲೆ ಇದೆಯಾ ಅಂತ. ಇದೆ. ರೋಗಿ ಮನೆಯಲ್ಲಿ ನಿಜವಾಗಿ ಏನು ಮಾಡುತ್ತಾರೆ ಎಂದು ಕೇಳುವ ಅಭ್ಯಾಸ ವಾರ್ಡಿನಿಂದಲೇ ಬರುವುದು.

ಅಂಕಿ_ಅಂಶ

ಎರಡೂ ಕಡೆಯವರು ಹೇಳುವುದಕ್ಕೆ ಪುರಾವೆ ಏನಿದೆ ನೋಡೋಣ. ಇದರ ಮೇಲೆ ಒಳ್ಳೆಯ ಅಧ್ಯಯನಗಳು ನಡೆದಿವೆ.

ಹಳೆಯದು ಕೆನಡಾದ ಬರ್ಲಿಂಗ್ಟನ್ ಅಧ್ಯಯನ, ಪ್ರಕಟವಾದದ್ದು 1974ರಲ್ಲಿ. ಕುಟುಂಬಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಡಾಕ್ಟರ್, ಇನ್ನೊಂದಕ್ಕೆ ನರ್ಸ್ ಪ್ರಾಕ್ಟೀಷನರ್. ಆರೋಗ್ಯದ ಫಲಿತಾಂಶ ಎರಡೂ ಕಡೆ ಒಂದೇ ಮಟ್ಟದಲ್ಲಿತ್ತು. ನರ್ಸ್ ಪ್ರಾಕ್ಟೀಷನರುಗಳು 67% ಭೇಟಿಗಳನ್ನು ಡಾಕ್ಟರನ್ನು ಕೇಳದೆಯೇ ನಿಭಾಯಿಸಿದರು. ಉಳಿದದ್ದಕ್ಕೆ ಕೇಳಿದರು. ಆ ಕೇಳಿದ್ದೂ ಅಷ್ಟೇ ಮುಖ್ಯ.

2000ದಲ್ಲಿ ನ್ಯೂಯಾರ್ಕ್‌ನಿಂದ ಇನ್ನೊಂದು ಅಧ್ಯಯನ ಬಂತು, 1,316 ರೋಗಿಗಳ ಮೇಲೆ. ಆರು ತಿಂಗಳ ನಂತರ ಎರಡು ಗುಂಪಿನ ಆರೋಗ್ಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ ಇಂಥ 18 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಪ್ರಾಥಮಿಕ ಚಿಕಿತ್ಸೆಯಲ್ಲಿ ನರ್ಸುಗಳ ಫಲಿತಾಂಶ ಡಾಕ್ಟರುಗಳಷ್ಟೇ ಅಥವಾ ಸ್ವಲ್ಪ ಮೇಲು, ರೋಗಿಗಳ ಸಮಾಧಾನವೂ ಜಾಸ್ತಿ, ಪ್ರತಿ ರೋಗಿಗೆ ಹಿಡಿಯುವ ಸಮಯವೂ ಜಾಸ್ತಿ ಎಂದಿತು.

ಆದರೆ ಇವೆಲ್ಲ ಪ್ರಾಥಮಿಕ ಚಿಕಿತ್ಸೆಯವು. ಎಮರ್ಜೆನ್ಸಿಯ ಚಿತ್ರ ಬೇರೆ ಇದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ದಾಖಲೆ ಇಟ್ಟುಕೊಂಡು ಡೇವಿಡ್ ಚಾನ್, ಯಿಚ್ಯುನ್ ಚೆನ್ ಎಂಬ ಇಬ್ಬರು ಸಂಶೋಧಕರು 2022ರಲ್ಲಿ ಒಂದು ಅಧ್ಯಯನ ಹೊರತಂದರು. ಅಲ್ಲಿ ನರ್ಸ್ ಪ್ರಾಕ್ಟೀಷನರ್ ನೋಡಿದ ರೋಗಿಗಳು ಎಮರ್ಜೆನ್ಸಿಯಲ್ಲಿ 11% ಹೆಚ್ಚು ಹೊತ್ತು ಇರಬೇಕಾಯಿತು. 30 ದಿನದೊಳಗೆ, ತಪ್ಪಿಸಬಹುದಾಗಿದ್ದ ಆಸ್ಪತ್ರೆ ದಾಖಲಾತಿಗಳು 20% ಹೆಚ್ಚಿದವು. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಇನ್ನೂ ಮುಖ್ಯ ಅನ್ನಿಸಿತು. ಯಾವುದೋ ಒಬ್ಬ ಡಾಕ್ಟರ್, ಯಾವುದೋ ಒಬ್ಬ ನರ್ಸ್ ಪ್ರಾಕ್ಟೀಷನರ್ ಅಂತ ಜೋಡಿ ಮಾಡಿ ಹೋಲಿಸಿದರೆ, 38% ಜೋಡಿಗಳಲ್ಲಿ ನರ್ಸ್ ಪ್ರಾಕ್ಟೀಷನರೇ ಮೇಲು. ಅಂದರೆ ಪದವಿಯ ಹೆಸರು ನೋಡಿದ ಮಾತ್ರಕ್ಕೆ ವ್ಯಕ್ತಿಯ ಕೈಗುಣ ಗೊತ್ತಾಗುವುದಿಲ್ಲ.

ಓಪಿಡಿ_ಡಾಕ್ಟರ್

ಇದನ್ನು ಇಷ್ಟು ಬಿಡಿಸಿ ಇಟ್ಟಿದ್ದಕ್ಕೆ ಧನ್ಯವಾದ. ಪ್ರಾಥಮಿಕ ಚಿಕಿತ್ಸೆಯ ಪುರಾವೆಯನ್ನು ನಾನು ಒಪ್ಪುತ್ತೇನೆ. ನನ್ನ ತಕರಾರು ನರ್ಸ್ ಪ್ರಾಕ್ಟೀಷನರ್ ಇರಬಾರದು ಅಂತಲ್ಲ. ಏನೂ ಪಳಗದವರನ್ನು ಎಮರ್ಜೆನ್ಸಿಯಲ್ಲಿ ಒಂಟಿಯಾಗಿ ನಿಲ್ಲಿಸಬಾರದು ಅಂತ. ಹೊಸ ಡಾಕ್ಟರನ್ನೂ ನಾವು ಹಾಗೆ ನಿಲ್ಲಿಸುವುದಿಲ್ಲ, ಅಲ್ವಾ?

ಕೊನೆ_ಸೆಮಿಸ್ಟರ್

ನಾನು ಈಗ ಅಮೆರಿಕದಲ್ಲಿ ಈ ಕೋರ್ಸ್ ಓದುತ್ತಿದ್ದೇನೆ. ವಾರ್ಡ್ ಸಿಸ್ಟರ್ ಅಕ್ಕ, ಸೇರುವ ಮುಂಚೆ ನನಗೆ ಯಾರೂ ಹೇಳದ ವಿಷಯ ಒಂದಿದೆ. ಅದನ್ನು ಹೇಳಲೇಬೇಕು.

ಪಾಠ ಆನ್‌ಲೈನ್. ಅದರಲ್ಲಿ ತಪ್ಪೇನಿಲ್ಲ, ಪಾಠ ಚೆನ್ನಾಗಿಯೇ ಇದೆ. ಆದರೆ ಕ್ಲಿನಿಕಲ್ ಗಂಟೆಗಳನ್ನು ಮಾಡಿಸುವ ಪ್ರಿಸೆಪ್ಟರನ್ನು, ಅಂದರೆ ಕ್ಲಿನಿಕ್ಕಿನಲ್ಲಿ ಪಕ್ಕದಲ್ಲಿದ್ದು ಕಲಿಸುವ ಹಿರಿಯರನ್ನು, ನಾವೇ ಹುಡುಕಿಕೊಳ್ಳಬೇಕು. ಕಾಲೇಜು ಒಂದು ಫಾರ್ಮ್ ಕೊಟ್ಟು ಕೈತೊಳೆದುಕೊಂಡಿತು. ಕ್ಲಿನಿಕ್ಕುಗಳಿಗೆ ಒಂದರ ಹಿಂದೊಂದು ಇಮೇಲ್ ಹಾಕಿ, ಫೋನ್ ಮಾಡಿ ಸಾಕಾಯಿತು. ಹೆಚ್ಚಿನವರು ಉತ್ತರ ಕೊಡಲಿಲ್ಲ. ಕೆಲವರು ದುಡ್ಡು ಕೇಳಿದರು. ಸಿಕ್ಕ ಮೊದಲ ಪ್ರಿಸೆಪ್ಟರ್ ತಾವು ರೋಗಿ ನೋಡುವಾಗ ನನ್ನನ್ನು ಗೋಡೆ ಪಕ್ಕ ನಿಲ್ಲಿಸುತ್ತಿದ್ದರು, ಅಷ್ಟೇ. ಗಂಟೆ ಭರ್ತಿಯಾಯಿತು, ಕಲಿತದ್ದು ಬಹಳ ಕಡಿಮೆ.

ಎರಡನೆಯವರು ಹಾಗಿರಲಿಲ್ಲ. ನಾನೇ ಮೊದಲು ಒಳಗೆ ಹೋಗಿ ರೋಗಿಯನ್ನು ನೋಡಬೇಕು. ಹೊರಗೆ ಬಂದು ಏನಿರಬಹುದು, ಯಾಕೆ, ಇನ್ನೇನು ಇರಬಹುದು, ಏನು ಮಾಡೋಣ ಅಂತ ಹೇಳಬೇಕು. ಆಮೇಲೆ ಅವರೂ ಒಳಗೆ ಬಂದು ನನ್ನ ಎದುರಿಗೇ ಮತ್ತೆ ಪರೀಕ್ಷೆ ಮಾಡುತ್ತಿದ್ದರು. "ಆ ಎದೆಯ ಸದ್ದು ಮತ್ತೆ ಕೇಳು" ಎಂದು ಸ್ಟೆತಸ್ಕೋಪ್ ಕೊಡುತ್ತಿದ್ದರು. ಪ್ರತಿ ಕೇಸಿಗೂ "ಇದು ತಪ್ಪಾಗಿದ್ದರೆ ನಿನಗೆ ಹೇಗೆ ಗೊತ್ತಾಗುತ್ತದೆ?" ಎಂದು ಕೇಳುತ್ತಿದ್ದರು. ಎರಡೂ ಕಡೆಯ ಗಂಟೆಗಳು ಕಾಗದದ ಮೇಲೆ ಒಂದೇ. ಹಾಗಾಗಿ 500 ಹೆಚ್ಚಾ, 750 ಹೆಚ್ಚಾ ಅನ್ನುವ ಜಗಳದಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ. ಆ ಗಂಟೆಗಳಲ್ಲಿ ಪಕ್ಕದಲ್ಲಿ ಯಾರಿದ್ದರು ಎಂಬುದೇ ನನ್ನ ಪ್ರಶ್ನೆ.

ಕ್ಲಿನಿಕ್_ಎನ್‌ಪಿ

ಇದನ್ನು ಓದಿ ಮನಸ್ಸಿಗೆ ನೋವಾಯಿತು. ಆದರೆ ಅಚ್ಚರಿ ಆಗಲಿಲ್ಲ. ಫೀಸ್ ತೆಗೆದುಕೊಂಡು ಪ್ರಿಸೆಪ್ಟರ್ ಹುಡುಕುವ ಹೊಣೆಯನ್ನು ವಿದ್ಯಾರ್ಥಿಯ ತಲೆಗೆ ಕಟ್ಟುವುದು ಅನ್ಯಾಯ. ದಡದಲ್ಲಿ ಕೂರಿಸಿ ಈಜು ಕಲಿಸಿದ ಹಾಗೆ ಅದು. ನಮ್ಮ ವೃತ್ತಿಯ ಸಂಘಟನೆಗಳು ಇದರ ವಿರುದ್ಧ ಇನ್ನೂ ಗಟ್ಟಿಯಾಗಿ ನಿಲ್ಲಬೇಕು. ಯಾಕೆಂದರೆ ಡಾಕ್ಟರ್ ಹೇಳುವ ಆತಂಕಕ್ಕೆ ಉತ್ತರ ಕೊಡಬೇಕಾದವರು ನಾವು. ಹೆಚ್ಚು ಅಧಿಕಾರ ಕೇಳುತ್ತಿರುವುದೂ ನಾವೇ.

ಇನ್ನೊಂದು ವಿಷಯ, ಪದವಿಯ ನಂತರದ ಮೊದಲ ವರ್ಷ. ಕನೆಕ್ಟಿಕಟ್‌ನ ಒಂದು ಸಮುದಾಯ ಆರೋಗ್ಯ ಕೇಂದ್ರ 2007ರಲ್ಲಿ ಹೊಸ ನರ್ಸ್ ಪ್ರಾಕ್ಟೀಷನರುಗಳಿಗೆ ಒಂದು ವರ್ಷದ ರೆಸಿಡೆನ್ಸಿ ಶುರು ಮಾಡಿತು. ಈಗ ಬೇರೆ ಕಡೆಯೂ ಇಂಥವು ಇವೆ. ಮೊದಮೊದಲು ರೋಗಿಗಳ ಸಂಖ್ಯೆ ಕಡಿಮೆ, ಪ್ರತಿ ಕೇಸನ್ನೂ ಹಿರಿಯರ ಜೊತೆ ಚರ್ಚಿಸಬೇಕು, ನಿಧಾನವಾಗಿ ಒಬ್ಬರೇ ನೋಡಲು ಬಿಡುತ್ತಾರೆ. ಆದರೆ ಇದು ಕಡ್ಡಾಯ ಅಲ್ಲ, ಸೀಟುಗಳೂ ಕಡಿಮೆ. ನನ್ನ ಕೇಳಿದರೆ ಎಲ್ಲರಿಗೂ ಕಡ್ಡಾಯ ಮಾಡಬೇಕು. ಹಿರಿಯರನ್ನು ಕೇಳಲು ನಾಚಿಕೆಪಡದ ವಾತಾವರಣ ಇಲ್ಲದ ಕಡೆ ಹೊಸಬರು ಕೆಲಸಕ್ಕೆ ಸೇರಲೇಬಾರದು.

ಸುಮ್ನೆ_ಓದುಗ

ಎಲ್ಲಾ ದೇಶದಲ್ಲೂ ಒಂದೇ ನಿಯಮನಾ?

ನರ್ಸಿಂಗ್_ಬೋಧಕಿ

ಇಲ್ಲ, ಅಮೆರಿಕದ ಒಳಗೇ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಡಾಕ್ಟರ್ ಜೊತೆ ಒಪ್ಪಂದ ಇಲ್ಲದೆ ಕೆಲಸ ಮಾಡಬಹುದು. ಟೆಕ್ಸಾಸ್‌ನಲ್ಲಿ ಔಷಧ ಬರೆಯಲು ಡಾಕ್ಟರ್ ಜೊತೆ ಲಿಖಿತ ಒಪ್ಪಂದ ಬೇಕು. ನ್ಯೂಯಾರ್ಕ್ 3,600 ಗಂಟೆ ಕೆಲಸ ಮಾಡಿದವರಿಗೆ ಲಿಖಿತ ಒಪ್ಪಂದದಿಂದ ಬಿಡುಗಡೆ ಕೊಟ್ಟಿತು. ಮೊದಲು ಜೊತೆಯಲ್ಲಿ ದುಡಿ, ಆಮೇಲೆ ಸ್ವತಂತ್ರ ಅನ್ನುವ ಈ ದಾರಿ ನನಗೆ ಸರಿ ಕಾಣುತ್ತದೆ.

ಆಸ್ಟ್ರೇಲಿಯಾದಲ್ಲಿ ಮೊದಲ ನರ್ಸ್ ಪ್ರಾಕ್ಟೀಷನರಿಗೆ ಮಾನ್ಯತೆ ಸಿಕ್ಕಿದ್ದು 2000ದಲ್ಲಿ. ಅಲ್ಲಿ ಮಾಸ್ಟರ್ಸ್ ಜೊತೆಗೆ, ಹಿಂದಿನ ಆರು ವರ್ಷಗಳಲ್ಲಿ ಉನ್ನತ ಮಟ್ಟದ 5,000 ಗಂಟೆ ನರ್ಸಿಂಗ್ ಅನುಭವ ತೋರಿಸಬೇಕು. ವಾರ್ಡ್ ಸಿಸ್ಟರ್, ಅನುಭವಕ್ಕೆ ಕಾನೂನಿನಲ್ಲೇ ಬೆಲೆ ಕೊಟ್ಟ ದೇಶ ಅದು. ನೆದರ್ಲೆಂಡ್ಸ್ 1997ರಲ್ಲಿ ಗ್ರೋನಿಂಗನ್‌ನಿಂದ ಶುರು ಮಾಡಿತು. ಅಲ್ಲಿ ಓದು, ಕೆಲಸ ಎರಡೂ ಒಟ್ಟಿಗೆ. ಕಲಿಯುವಾಗಲೇ ಆಸ್ಪತ್ರೆಯಲ್ಲಿ ಹುದ್ದೆ ಇರುತ್ತದೆ, ಅಲ್ಲೇ ಒಬ್ಬ ಡಾಕ್ಟರ್ ಗೈಡ್ ಮಾಡುತ್ತಾರೆ. ಕೊನೆ ಸೆಮಿಸ್ಟರ್ ಹೇಳಿದ ಪ್ರಿಸೆಪ್ಟರ್ ಹುಡುಕಾಟ ಅಲ್ಲಿ ಹುಟ್ಟುವುದೇ ಇಲ್ಲ. ಬ್ರಿಟನ್‌ನಲ್ಲಿ ಅರ್ಹತೆ ಪಡೆದ ನರ್ಸುಗಳು 2006ರಿಂದ ಸ್ವತಂತ್ರವಾಗಿ ಹೆಚ್ಚಿನ ಎಲ್ಲ ಔಷಧಗಳನ್ನು ಬರೆಯಬಹುದು.

ಭಾರತದಲ್ಲಿ ನರ್ಸಿಂಗ್ ಪರಿಷತ್ತು ಕ್ರಿಟಿಕಲ್ ಕೇರ್‌ಗೆ ಎರಡು ವರ್ಷದ ರೆಸಿಡೆನ್ಸಿ ಮಾದರಿಯ ಕೋರ್ಸ್ ತಂದಿದೆ. ಹೆರಿಗೆ ಆರೈಕೆಗೆ 18 ತಿಂಗಳ ಮಿಡ್‌ವೈಫರಿ ಕೋರ್ಸ್ ಇದೆ. ಕ್ರಿಟಿಕಲ್ ಕೇರ್ ಮುಗಿಸಿದವರು ಆಸ್ಪತ್ರೆಯ ಪ್ರೋಟೋಕಾಲ್ ಒಳಗೆ ಕೆಲಸ ಮಾಡುತ್ತಾರೆ. ಇಷ್ಟು ಓದಿಸಿದ ಮೇಲೆ ಅದಕ್ಕೆ ತಕ್ಕ ಹುದ್ದೆ ಎಲ್ಲ ಕಡೆಯೂ ಇರಬೇಕು. ಇಲ್ಲದಿದ್ದರೆ ಓದಿದವರು ಮತ್ತೆ ಹಳೆಯ ಕೆಲಸಕ್ಕೇ ಮರಳಬೇಕಾಗುತ್ತದೆ.

ವಾರ್ಡ್_ಸಿಸ್ಟರ್

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿವರ ನನಗೆ ಎಲ್ಲೂ ಸಿಕ್ಕಿರಲಿಲ್ಲ. ನನ್ನ ಮನಸ್ಸು ವಯಸ್ಕರ ತೀವ್ರ ಚಿಕಿತ್ಸೆಯ ಕಡೆ ವಾಲುತ್ತಿದೆ. ದಿನಾ ನೋಡುವ ರೋಗಿಗಳು ಅಂಥವರೇ. ಕಾಲೇಜಿನವರ ಜೊತೆ ಮಾತಾಡುವಾಗ ಏನು ಕೇಳಬೇಕು ಹೇಳ್ತೀರಾ? ಅವರು ಪರೀಕ್ಷೆಯಲ್ಲಿ ಎಷ್ಟು ಜನ ಪಾಸಾದರು ಅಂತ ಮಾತ್ರ ಹೇಳುತ್ತಾರೆ.

ಕೊನೆ_ಸೆಮಿಸ್ಟರ್

ಅಕ್ಕ, ಪ್ರಿಸೆಪ್ಟರನ್ನು ಯಾರು ಹುಡುಕುತ್ತಾರೆ ಅಂತ ಮೊದಲು ಕೇಳಿ. "ನಾವು ಸಹಾಯ ಮಾಡುತ್ತೇವೆ" ಅಂದರೆ ಸಾಲದು. ಸಿಗದಿದ್ದರೆ ಏನು ಅಂತ ಮತ್ತೆ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ. ಸಾಧ್ಯವಾದರೆ ಹಿಂದಿನ ಬ್ಯಾಚಿನವರ ಜೊತೆ ಒಮ್ಮೆ ಮಾತಾಡಿ.

ಓಪಿಡಿ_ಡಾಕ್ಟರ್

ನಾನೂ ಒಂದು ಸೇರಿಸುತ್ತೇನೆ. ಕಾಲೇಜಿನ ಅಧ್ಯಾಪಕರು ಯಾರಾದರೂ ಬಂದು, ನೀವು ರೋಗಿಯನ್ನು ಪರೀಕ್ಷಿಸುವುದನ್ನು ಕಣ್ಣಾರೆ ನೋಡುತ್ತಾರಾ, ಅಥವಾ ಬರೀ ಲಾಗ್‌ಬುಕ್ಕಿಗೆ ಸಹಿ ಹಾಕುತ್ತಾರಾ ಅಂತ ಕೇಳಿ. ಇನ್ನು, ಈಗಿರುವ ವಾರ್ಡಿನಲ್ಲೇ ನೀವು ಶುರು ಮಾಡಬಹುದು ಸಿಸ್ಟರ್. ರೌಂಡ್ಸ್ ಬರುವ ಮುಂಚೆ ಒಬ್ಬ ರೋಗಿಯನ್ನು ಆರಿಸಿಕೊಳ್ಳಿ. ರೋಗ ಏನಿರಬಹುದು, ಮುಂದೆ ಏನು ಮಾಡಬೇಕು ಅಂತ ನಿಮಗಾಗಿ ಬರೆದಿಟ್ಟುಕೊಳ್ಳಿ. ರೌಂಡ್ಸ್‌ನಲ್ಲಿ ಬೇರೆ ತೀರ್ಮಾನ ಆದರೆ ಯಾಕೆ ಅಂತ ಡಾಕ್ಟರನ್ನು ಕೇಳಿ. ಬಿಡುವಿದ್ದರೆ ಹೇಳಿಕೊಡುವವರು ಇದ್ದೇ ಇರುತ್ತಾರೆ. ನಾನಂತೂ ಹೇಳಿಕೊಡುತ್ತೇನೆ.

ವಾರ್ಡ್_ಸಿಸ್ಟರ್

ಆಗಲಿ ಸರ್, ನಾಳೆ ಮಾರ್ನಿಂಗ್ ಶಿಫ್ಟ್ ಇದೆ, ನಾಳೆಯಿಂದಲೇ ಬರೆಯುತ್ತೇನೆ. ಕಾಲೇಜುಗಳಿಂದ ಉತ್ತರ ಬಂದ ಹಾಗೆ ಇಲ್ಲೇ ಹಾಕುತ್ತೇನೆ. ಕೊನೆ ಸೆಮಿಸ್ಟರ್, ನಿಮಗೆ ಬರುವ ಮೆಸೇಜ್ ನನ್ನದೇ. ನಿಮ್ಮ ಎರಡನೇ ಪ್ರಿಸೆಪ್ಟರ್ ಕೇಸ್ ಚರ್ಚೆ ಹೇಗೆ ಮಾಡಿಸುತ್ತಿದ್ದರು ಅಂತ ಇನ್ನೂ ವಿವರವಾಗಿ ಬರೆಯಿರಿ.